ಲೆಕ್ಕದ ಮಾವ ಮತ್ತು ಮಾತಾಡದ ತಂಗಿ

ಎರೋನಿ ನಮಾತಾ ತೀರಿಕೊಂಡ ವಾರ ಫಿಜಿಯ ರಾಜಧಾನಿ ಸುವಾದಲ್ಲಿ ಭಾಷಣಗಳಿಗೆ ಬರವಿರಲಿಲ್ಲ. ಅವರು ಎಂಥ ಗಣಿತಜ್ಞ, ಎಂಥ ಆಡಳಿತಗಾರ, ಎಷ್ಟು ಮಕ್ಕಳನ್ನು ದಡ ಸೇರಿಸಿದರು ಎಂದು ಒಬ್ಬರಾದ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ಎಲ್ಲ ನಿಜ. ಆದರೆ ಅಂಥ ಮನುಷ್ಯ ಕುಲಪತಿ ಯಾಕೆ ಆಗಲಿಲ್ಲ ಎನ್ನುವುದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಕೂತಲ್ಲೇ ಮೈ ಉರಿಯಿತು. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಬೇಕಪ್ಪ. ನಾನು ಮೂರನೆಯ ಸಾಲಿನಲ್ಲೇ ಕೂತಿದ್ದೆ. ಆ ಕತೆ ನಡೆದಾಗ ನಾನು ಪಕ್ಕದಲ್ಲಿ ಅಲ್ಲ, ನಡುವೆ ನಿಂತಿದ್ದವಳು.

ನಾವೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಫಿಜಿಯ ಮೂಲನಿವಾಸಿ ಹುಡುಗರಿಗೆ ಅದು ಸಹಜವಾಗಿ ಬರುತ್ತಿತ್ತು. ನಾನು ಲಂಬಾಸಾದ ಕಬ್ಬಿನ ಸೀಮೆಯವಳು, ಮನೆಮಾತು ಹಿಂದಿ, ಅಪ್ಪ ದರ್ಜಿ. ಆದರೂ ವಿಶ್ವವಿದ್ಯಾಲಯಕ್ಕೆ ಬಂದ ವಾರಕ್ಕೇ ನನ್ನ ಬಾಯಿಗೂ ಮಾವ ಎಂದೇ ಬಂತು. ಬಾಗಿಲು ತುಂಬುವ ಆಳು. ಸೊಂಟಕ್ಕೆ ಬೂದು ಬಣ್ಣದ ಸುಲು ಪಂಚೆ, ಕಾಲಿಗೆ ಸವೆದ ಚಪ್ಪಲಿ, ಶರ್ಟಿನ ಜೇಬಿನಲ್ಲಿ ಸೀಮೆಸುಣ್ಣ. ನಕ್ಕರೆ ಆಚೆ ಕಟ್ಟಡದಲ್ಲಿ ಪಾಠ ನಿಲ್ಲುತ್ತಿತ್ತು. ಬೋರ್ಡಿನ ಮೇಲೆ ಒಂದು ಪ್ರಮೇಯದ ಸಾಧನೆ ಮುಗಿಯುತ್ತಾ ಬಂತೆಂದರೆ ರಗ್ಬಿ ಪಂದ್ಯದ ಕೊನೆಯ ಗಳಿಗೆ ನೋಡುವವರ ಹಾಗೆ ತುದಿಗಾಲಲ್ಲಿ ನಿಂತು, "ಬಂತು, ಬಂತು, ನೋಡ್ರೋ, ಬಂದೇಬಿಡ್ತು" ಎನ್ನುತ್ತಿದ್ದರು. ಗಣಿತವೆಂದರೆ ಮೈಲಿ ದೂರ ಓಡುವವರೂ ಆಗ ಕುರ್ಚಿಯಿಂದ ಅರ್ಧ ಎದ್ದಿರುತ್ತಿದ್ದರು.

ಗಣಿತ ವಿಭಾಗದ ಮುಖ್ಯಸ್ಥರೂ ಅವರೇ, ಡೀನ್ ಕೂಡ ಅವರೇ. ಮುಖ್ಯಸ್ಥರ ಕುರ್ಚಿಯಲ್ಲಿರುವವರಲ್ಲೇ ಒಬ್ಬರನ್ನು ಡೀನ್ ಮಾಡುವುದು ಅಲ್ಲಿನ ಪದ್ಧತಿ, ಆ ಕುರ್ಚಿ ಬಿಟ್ಟರೆ ಇದೂ ಹೋಗುತ್ತದೆ. ಡೀನ್ ಆದವರೇ ಮುಂದೆ ಕುಲಪತಿ. ಮಾವ ಡೀನ್ ಆದ ವರ್ಷ ಮಾಡಿದ ಮೊದಲ ಕೆಲಸವೆಂದರೆ ದಾಖಲಾತಿಯನ್ನು ಹಡಗುಕಟ್ಟೆಗೆ ಒಯ್ದದ್ದು. ದೂರದ ದ್ವೀಪಗಳ ಹಡಗು ಗಾಳಿ ಕೆಟ್ಟರೆ ವಾರ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕಚೇರಿಯವರು ಕಿಟಕಿ ಮುಚ್ಚಿ ಕೈತೊಳೆದುಕೊಂಡಿರುತ್ತಿದ್ದರು. ಮಾವ ಮೇಜು ಕುರ್ಚಿ ಹೊರಿಸಿಕೊಂಡು ಹೋಗಿ ಕಟ್ಟೆಯ ಮೇಲೆಯೇ ಕೂತರು. ಹುಡುಗರು ಚಾಪೆಯ ಸುರುಳಿ, ಕೆಸುವಿನ ಗಡ್ಡೆಯ ಚೀಲ ಕೆಳಗಿಟ್ಟು ಅಲ್ಲೇ ಹೆಸರು ಬರೆಸಿದರು. ರಿಜಿಸ್ಟ್ರಾರ್ ಕೂಗಾಡಿದಾಗ ಮಾವ, "ನಮ್ಮ ಕ್ಯಾಲೆಂಡರಿನ ಒಂದು ಪ್ರತಿ ಸಮುದ್ರಕ್ಕೂ ಕಳಿಸಿದ್ದೀರಾ ಸ್ವಾಮಿ?" ಎಂದು ಕೇಳಿದರಂತೆ.

ಅವರು ತಂದ ಇನ್ನೊಂದು ನಿಯಮ ಇತ್ತು. ಅದೇ ಮುಂದೆ ಅವರ ಕುತ್ತಿಗೆಗೆ ಬಂತು. ಮಕ್ಕಳು ಪುಸ್ತಕವನ್ನು ಚರ್ಚಿನ ಪ್ರಾರ್ಥನೆಯಂತೆ ಬಾಯಿಪಾಠ ಮಾಡಿ ಬಂದು ಬರೆಯುತ್ತಿದ್ದರು, ಪಾಸಾಗುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ ಮುಖಮುಖ ನೋಡುತ್ತಿದ್ದರು. ಅದಕ್ಕೆ ಮಾವ, ಕೊನೆಯ ವರ್ಷದ ಪ್ರತಿಯೊಬ್ಬರೂ ವಿಭಾಗದ ಮುಖ್ಯಸ್ಥರ ಎದುರು ನಿಂತು ಅವರ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು, ನಡುವೆ ಮೂರನೆಯವರು ಇರಕೂಡದು, ಇಲ್ಲದಿದ್ದರೆ ಪದವಿಯಿಲ್ಲ ಎಂದು ಕಟ್ಟುನಿಟ್ಟು ಮಾಡಿಸಿದರು. ಒಬ್ಬ ಮಂತ್ರಿ ತಮ್ಮ ಸೋದರಳಿಯನಿಗೆ ಅದರಿಂದ ವಿನಾಯಿತಿ ಕೇಳಿಕೊಂಡು ಬಂದರು. ಮಾವ ಅವರಿಗೆ ಒಳ್ಳೆಯ ಚಹಾ ಕೊಟ್ಟು, ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದು, ಇಲ್ಲ ಎಂದು ಹೇಳಿ ಕಳಿಸಿದರು.

ಇನ್ನು ವಾಸೆಮಾದಾ. ನಾವು ವಾಸೆ ಎನ್ನುತ್ತಿದ್ದೆವು. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಒಳನಾಡಿನ ಬೆಟ್ಟದ ಮೇಲಿನ ನಸೌನಿ ಎಂಬ ಊರಿನವಳು. ಅವಳ ಊರಿನ ಶಾಲೆಗೆ ಅದುವರೆಗೂ ಗಣಿತದ ಮೇಷ್ಟ್ರು ಎಂದು ಯಾರೂ ಬಂದದ್ದಿಲ್ಲ. ಊರೆಲ್ಲ ಸೇರಿ ಇವಳನ್ನು ಕಳಿಸಿತ್ತು, ಪದವಿ ತೆಗೆದುಕೊಂಡು ಬಾ, ಮಕ್ಕಳಿಗೆ ನೀನೇ ಕಲಿಸು ಎಂದು. ನಾನು ಗುಣಿಸಿ ಭಾಗಿಸಿ ಬೆವರು ಸುರಿಸುವಷ್ಟರಲ್ಲಿ ಅವಳು ಉತ್ತರ ಬರೆದಿಟ್ಟು, ತೊಳೆದ ಬಟ್ಟೆ ಒಣಹಾಕಲು ಹೋಗಿರುತ್ತಿದ್ದಳು.

ಮೊದಲ ದಿನ ಮಾವ ಹಾಜರಿ ಕರೆದರು. ಪ್ರತಿ ಹೆಸರಿಗೂ ಊರು ಕೇಳುವುದು, ಅಪ್ಪನ ಹೆಸರು ಕೇಳುವುದು, ಏನಾದರೊಂದು ಚೇಷ್ಟೆ ಮಾಡುವುದು ಅವರ ರೂಢಿ. ನನಗೆ, "ಲಂಬಾಸಾನಾ? ಹಾಗಾದ್ರೆ ಬಾಯಿ ಜೋರಿರಬೇಕು" ಎಂದರು. ವಾಸೆಯ ಹೆಸರು ಬಂತು. ಅವಳು ಎದ್ದು ಊರು, ಅಪ್ಪನ ಹೆಸರು ಹೇಳಿದಳು. ಮಾವನ ಮುಖದ ನಗು ಹಾಗೇ ನಿಂತುಹೋಯಿತು. ಪುಸ್ತಕದ ಕಡೆ ನೋಡಿ ಮುಂದಿನ ಹೆಸರು ಕರೆದರು. ವಾಸೆ ತಲೆ ತಗ್ಗಿಸಿ ಕೂತಳು. ಅಂದಿನಿಂದ ಅವರು ಅವಳನ್ನು ಒಂದು ಪ್ರಶ್ನೆ ಕೇಳಲಿಲ್ಲ, ಕಣ್ಣೆತ್ತಿ ನೋಡಲಿಲ್ಲ. ಅವಳ ಬೆಂಚಿನ ಹತ್ತಿರ ಬಂದರೆ ಆಚೆಯಿಂದ ಬಳಸಿ ಹೋಗುತ್ತಿದ್ದರು.

ನಾನು ಒಂದು ತಿಂಗಳು ಸಹಿಸಿದೆ, ಅದೇ ಹೆಚ್ಚು. ಒಂದು ಮಧ್ಯಾಹ್ನ ನೇರ ಡೀನ್ ಕಚೇರಿಗೆ ನುಗ್ಗಿದೆ.

"ಮಾವ, ವಾಸೆ ನಿಮಗೇನು ಮಾಡಿದ್ದಾಳೆ?"

"ಯಾಕೆ, ಏನಾಯ್ತು?"

"ಏನಾಯ್ತು ಅಂತ ನನ್ನ ಕೇಳ್ತೀರಲ್ಲ. ಅವಳ ಮುಖ ನೋಡಲ್ಲ ನೀವು, ಮಾತಾಡಿಸಲ್ಲ. ಬೆಟ್ಟದವರು ಅಂದ್ರೆ ಅಷ್ಟು ಅಗ್ಗಾನಾ?"

ಮಾವ ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟರು. ಆಮೇಲೆ ಆ ಕಟ್ಟಡ ಅಲುಗಾಡುವ ನಗು. "ಏ ಲಂಬಾಸಾ, ಕೂತ್ಕೋ. ನಾನೂ ಬೆಟ್ಟದವನೇ. ಅವಳು ನನ್ನ ತಂಗಿ."

"ತಂಗಿನಾ? ಅವಳಿಗಿನ್ನೂ ಇಪ್ಪತ್ತು ತುಂಬಿಲ್ಲ. ನಿಮ್ಮ ತಲೆ ನೋಡಿ, ಎಲ್ಲಾ ನೆರೆತಿದೆ."

"ತಲೆ ನೋಡಿ ಸಂಬಂಧ ಲೆಕ್ಕ ಹಾಕ್ತಾರೇನೇ? ಅವಳ ಅಪ್ಪ, ನಮ್ಮಪ್ಪ ಒಂದೇ ಮನೆತನ, ಒಂದೇ ತಲೆಮಾರು. ನಮ್ಮ ಕಡೆ ಅಣ್ಣ ತಂಗಿ ಎದುರುಬದುರು ಮಾತಾಡಲ್ಲ. ಅದು ಮರ್ಯಾದೆ. ಅವಳು ಮಾತಾಡಿದ್ರೂ ತಪ್ಪು, ನಾನು ಮಾತಾಡಿದ್ರೂ ತಪ್ಪು."

"ನಮ್ಮಲ್ಲಿ ಅಣ್ಣ ತಂಗಿ ಜಡೆ ಹಿಡ್ಕೊಂಡು ಜಗಳ ಆಡ್ತಾರೆ."

"ಪುಣ್ಯವಂತರು ನೀವು" ಎಂದು ಮಾವ ನಿಟ್ಟುಸಿರು ಬಿಟ್ಟರು. ಆಮೇಲೆ ಮುಂದೆ ಬಾಗಿ, ಗುಟ್ಟು ಹೇಳುವವರ ಹಾಗೆ, "ಅವಳ ಉತ್ತರಪತ್ರಿಕೆ ನೋಡಿದ್ದೀಯಾ ನೀನು? ಇಷ್ಟು ವರ್ಷ ಇಂಥದೊಂದು ತಲೆಗೆ ಕಾದೆ ಕಣೇ. ಬಂತು. ಬಂದ್ರೆ ನನ್ನ ತಂಗಿಯಾಗಿ ಬಂತು. ಕೇಳೋಕೆ ನೂರು ಪ್ರಶ್ನೆ ಇದೆ, ಕೇಳೋ ಹಾಗಿಲ್ಲ. ನಿನಗೆ ಬಾಯಿ ಇದೆಯಲ್ಲ, ಸ್ವಲ್ಪ ಸಾಲ ಕೊಡು" ಎಂದರು.

ಹಾಗೆ ನಾನು ಇಬ್ಬರ ನಡುವಿನ ಬಾಯಿಯಾದೆ. ಸಂಜೆ ಪಾಠ ಮುಗಿದ ಮೇಲೆ ಗಣಿತ ವಿಭಾಗದ ಜಗುಲಿಯಲ್ಲಿ ಮಾವ ಒಂದು ಕಂಬದ ಹತ್ತಿರ ಅಂಗಳದ ಕಡೆ ಮುಖ ಮಾಡಿ ಕೂರುವರು. ವಾಸೆ ಇನ್ನೊಂದು ಕಂಬದ ಹತ್ತಿರ ಗೋಡೆಯ ಕಡೆ ಮುಖ ಮಾಡಿ ಕೂರುವಳು. ಇಬ್ಬರಿಗೂ ಇಬ್ಬರ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಎಲ್ಲ ನನ್ನ ಮೂಲಕವೇ ಹೋಗಬೇಕು.

"ಅವಳಿಗೆ ಹೇಳು, ಈ ಸಾಲಿನಿಂದ ಆ ಸಾಲಿಗೆ ಹಾರಿದ್ದಾಳೆ. ಸೇತುವೆ ಎಲ್ಲಿ?" ಎನ್ನುವರು ಮಾವ.

ನಾನು ಈ ಕಡೆ ತಿರುಗಿ, "ವಾಸೆ, ಸೇತುವೆ ಎಲ್ಲಿ ಅಂತೆ."

"ಅಲ್ಲಿ ಹೊಳೆಯೇ ಇಲ್ಲ ಅಂತ ಹೇಳು."

ಆ ಕಡೆ ತಿರುಗಿ, "ಹೊಳೆಯೇ ಇಲ್ವಂತೆ ಮಾವ."

"ಇದೆ ಅಂತ ಹೇಳು. ಎರಡನೇ ಸಾಲು ಇನ್ನೊಂದ್ಸಲ ನೋಡಲಿ. ಅಲ್ಲಿ ಮುಳುಗಿದವರು ಬೇಕಾದಷ್ಟು ಜನ ಇದ್ದಾರೆ."

ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಗಣಿತ ವಿಭಾಗದ ಎರಡನೆಯ ಹಿರಿಯರು ದ್ವಾರಕಾ ಪ್ರಸಾದ್, ಬಾ ಎಂಬ ಊರಿನವರು, ನಗುವುದನ್ನು ಯಾರೋ ನಿಷೇಧಿಸಿದ ಹಾಗೆ ಬದುಕುವ ಮನುಷ್ಯ. ಅವರು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಹುಡುಗಿ, ನಿನ್ನ ಕುತ್ತಿಗೆಗೆ ಸ್ವಲ್ಪ ಎಣ್ಣೆ ಹಾಕಿಸ್ಕೋ, ತಿರುಗಿ ತಿರುಗಿ ಸವೆದುಹೋದೀತು" ಎನ್ನುವರು. ನನಗೇನೂ ಬೇಜಾರಿರಲಿಲ್ಲ. ತಲೆಗೆ ಹತ್ತದೆ ಗಿಣಿಯಂತೆ ಒಪ್ಪಿಸುತ್ತಿದ್ದವಳಿಗೆ ಒಂದು ದಿನ, ಮಾವನ ಪ್ರಶ್ನೆ ವಾಸೆಗೆ ಮುಟ್ಟಿಸುವ ಮೊದಲೇ ಅದರ ಉತ್ತರ ಹೊಳೆಯಿತು. ನಾನು ಜಗುಲಿಯ ಮೇಲೆ ಕುಣಿದೆ. ಮಾವನೂ ಎದ್ದು ಕುಣಿದರು, ನಿಜವಾಗಿ, ಸುಲು ಎತ್ತಿಕಟ್ಟಿ. ವಾಸೆ ಗೋಡೆಗೆ ಹಣೆ ಒತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೊನೆಯ ವರ್ಷ ಬಂತು. ಎದುರುಬದುರಿನ ಪರೀಕ್ಷೆಯ ದಿನಾಂಕ ಗೋಡೆಗೆ ಅಂಟಿತು.  ವಾಸೆ ಮುಖ್ಯಸ್ಥರ, ಅಂದರೆ ಮಾವನ, ಎದುರು ನಿಂತು ಅವರಿಗೆ ನೇರವಾಗಿ ಉತ್ತರಿಸಬೇಕು. ನಡುವೆ ನಾನಿರುವಂತಿಲ್ಲ. ಇಲ್ಲದಿದ್ದರೆ ಪದವಿಯಿಲ್ಲ, ಬೆಟ್ಟದ ಶಾಲೆಗೆ ಮೇಷ್ಟ್ರಿಲ್ಲ.

ಮಾವನ ಹತ್ತಿರ ಹೋಗಿ, "ಅವತ್ತೊಂದು ದಿನ ಜ್ವರ ಬಂತು ಅನ್ನಿ" ಎಂದೆ.

"ಬಂದಿಲ್ವಲ್ಲ."

"ನಿಯಮ ನಿಮ್ಮದೇ ತಾನೇ? ಒಂದು ಸಾಲು ಸೇರಿಸಿ."

"ಮಂತ್ರಿಯ ಸೋದರಳಿಯನಿಗೆ ಸೇರಿಸದ ಸಾಲು ನನ್ನ ತಂಗಿಗೆ ಸೇರಿಸ್ಲಾ? ನಾಳೆ ಯಾವ ಮುಖ ಹೊತ್ಕೊಂಡು ಹಡಗುಕಟ್ಟೆಗೆ ಹೋಗ್ಲಿ?"

"ಹಾಗಾದ್ರೆ ನಿಮ್ಮ ಕಟ್ಟಳೆ ಮುರೀರಿ. ಹಿರಿಯರನ್ನ ಕೇಳಿ, ಬಿಡಿಸಿಕೊಂಡು ಬನ್ನಿ."

ಕೇಳಿದರು ಕೂಡ. ಶನಿವಾರ, ಹಿರಿಯರನ್ನು ಏನಾದರೂ ಕೇಳುವಾಗ ಕಾಣಿಕೆಯಾಗಿ ಇಡುವ, ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟು ಹಿಡಿದುಕೊಂಡು, ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಮುಂದೆ ಕುದುರೆಯ ಮೇಲೆ ನಸೌನಿಗೆ ಹೋದರು. ಬೇರನ್ನು ಹಿರಿಯರ ಮುಂದಿಟ್ಟು ಕೇಳಿದರು. ವಾಸೆಯ ದೊಡ್ಡಪ್ಪ ಬಟ್ಟಲು ಕುಡಿದು ಕೆಳಗಿಟ್ಟು, "ಎರೋನಿ, ನೀನು ಓದಿದವನು. ಒಂದು ಪದವಿಗೋಸ್ಕರ ಅವಳು ತಂಗಿ ಅನ್ನೋದನ್ನೇ ಬಿಟ್ಕೊಡ್ತೀನಿ ಅಂತ ಕೇಳೋಕೆ ಬಂದಿದ್ದೀಯಾ?" ಎಂದರಂತೆ.  ಊಟ ಹಾಕಿ ಕಳಿಸಿದರು.

ನಾನು ಕೋಣೆಗೆ ಬಂದು ವಾಸೆಯ ಮೇಲೆ ಹರಿಹಾಯ್ದೆ. "ನೀನಾದ್ರೂ ಹೇಳೇ. ಹತ್ತು ನಿಮಿಷ ಮಾತಾಡಿದ್ರೆ ಆಕಾಶ ಕಳಚಿ ಬೀಳುತ್ತಾ?"

ವಾಸೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಉರ್ಮಿ, ಈ ಊರಲ್ಲಿ ಮೇಷ್ಟ್ರುಗಳು ನೂರು ಜನ. ಮಾತಾಡದೆ ಇರೋ ಅಣ್ಣ ಒಬ್ಬನೇ. ಮಾತಾಡಿಬಿಟ್ರೆ ಅವರೂ ಬರೀ ಮೇಷ್ಟ್ರಾಗಿಬಿಡ್ತಾರೆ."

ನನಗೆ ಅಳು ಬಂತು. ಸಿಟ್ಟಿಗೋ ಏನೋ ಗೊತ್ತಿಲ್ಲ. ಅಮ್ಮ ಕಳಿಸಿದ್ದ ರೋಟಿ, ಹುಣಸೆ ಚಟ್ನಿ ಬಿಚ್ಚಿ ಇಬ್ಬರೂ ಹಂಚಿಕೊಂಡು ತಿಂದೆವು.

ಪರೀಕ್ಷೆಯ ಬೆಳಗ್ಗೆ ಕಿವಿ ಮುಚ್ಚುವಂಥ ಸುವಾದ ಮಳೆ. ವಾಸೆ ಕಪ್ಪು ಅಂಗಿ ತೊಟ್ಟು ನನ್ನ ಜೊತೆ ಹೊರಟಳು. ಹೋಗುವುದು ಹೋಗೋಣ, ಎದುರು ನಿಂತು ಸುಮ್ಮನಿದ್ದು ಬರುತ್ತೇನೆ, ಹಾಗೇ ಆಗಲಿ ಎಂದಳು. ನಾವು ವಿಭಾಗ ಮುಟ್ಟಿದರೆ ಅಲ್ಲಿ ಗಲಾಟೆ. ಮುಖ್ಯಸ್ಥರ ಕೋಣೆಯ ಪುಸ್ತಕಗಳೆಲ್ಲ ಜಗುಲಿಗೆ ಬಂದಿವೆ. ಪ್ರಸಾದ್ ಅವರು ಕೈಯಲ್ಲಿ ಒಂದು ಕಾಗದ ಹಿಡಿದು ಮಾವನ ಮೇಲೆ ರೇಗುತ್ತಿದ್ದಾರೆ.

"ನಿನಗೆ ತಲೆ ನೆಟ್ಟಗಿದೆಯಾ ಎರೋನಿ? ಮುಂದಿನ ತಿಂಗಳು ಕುಲಪತಿ ಆಯ್ಕೆ. ಮುಖ್ಯಸ್ಥ ಅಲ್ಲ ಅಂದ್ರೆ ಡೀನ್ ಅಲ್ಲ. ಡೀನ್ ಅಲ್ಲ ಅಂದ್ರೆ ನಿನ್ನ ಹೆಸರೇ ಇಲ್ಲ. ಗೊತ್ತಾ?"

"ಲೆಕ್ಕ ನನಗೂ ಬರುತ್ತೆ ಪ್ರಸಾದ್. ರಾಜೀನಾಮೆ ನಿನ್ನೆಯೇ ಒಪ್ಪಿದ್ದಾರೆ. ಈಗ ನೀನೇ ಮುಖ್ಯಸ್ಥ. ಹೋಗು, ಹುಡುಗಿ ಕಾಯ್ತಿದ್ದಾಳೆ."

"ನಾನು ಬಿಟ್ಟುಕೊಡೋನಲ್ಲ. ನನ್ನ ಪ್ರಶ್ನೆ ಹೇಗಿರುತ್ತೆ ಗೊತ್ತಲ್ಲ ನಿನಗೆ."

"ಗೊತ್ತು. ಅದಕ್ಕೇ ನಿನಗೆ ಕೊಟ್ಟೆ."

ಪ್ರಸಾದ್ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದರು. ವಾಸೆ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ನೆಟ್ಟಿತ್ತು. ಅವಳು ಮಾವನ ಕಡೆ ನೋಡಲಿಲ್ಲ. ಮಾವನೂ ನೋಡಲಿಲ್ಲ. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು.

ಮಾವ ಜಗುಲಿಯ ಗೋಡೆಗೆ ಒರಗಿ, ಗಾಜಿನ ಪಟ್ಟಿಗಳ ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಒಳಗಿನ ಮಾತು ಒಂದೂ ಕೇಳಿಸದು. ಮಾವ ಕಿವಿಗೆ ಅಂಗೈ ಆನಿಸಿ, ಕುತ್ತಿಗೆ ಉದ್ದ ಮಾಡಿ, ಹಲ್ಲು ಕಚ್ಚಿ ಕೂತಿದ್ದರು. ಅಷ್ಟರಲ್ಲಿ ವಾಸೆಯ ಧ್ವನಿ ಎದ್ದಿತು. ನಾನು ಅವಳ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವಳು, ಅವಳ ಗಂಟಲಿನಲ್ಲಿ ಅಂಥ ಧ್ವನಿ ಇದೆಯೆಂದು ಅಂದೇ ಗೊತ್ತಾದದ್ದು. ಹೊಳೆಯ ಆಚೆ ದಡದವರನ್ನು ಕರೆಯುವ ಹಾಗೆ ಒಂದೊಂದು ಸಾಲನ್ನೂ ಕೂಗಿ ಹೇಳುತ್ತಿದ್ದಳು.

"ನಾನು ನಿನ್ನ ಎದುರಿಗೇ ಕೂತಿದ್ದೀನಮ್ಮಾ. ಕಿವುಡನಲ್ಲ" ಎಂದು ಪ್ರಸಾದ್ ಗದರಿದ್ದು ಕೇಳಿಸಿತು.

"ಮಳೆ ಜೋರಿದೆ ಸರ್" ಎಂದು ವಾಸೆ ಅದಕ್ಕಿಂತ ಜೋರಾಗಿ ಹೇಳಿದಳು.

ನಾನು ಎದ್ದು ಪಟ್ಟಿಗಳ ಸಂದಿನಿಂದ ಇಣುಕಿದೆ. ಅವಳು ಬೋರ್ಡಿಗೆ ಬರೆಯುತ್ತಾ ಹೇಳುತ್ತಿದ್ದಳು, ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ಮಾವನಿಗೆ ಕೂರಲಾಗಲಿಲ್ಲ. ಮೊಣಕಾಲೂರಿ, ಕಣ್ಣು ಮುಚ್ಚಿ, ಪ್ರತಿ ಸಾಲಿಗೂ ತೊಡೆ ತಟ್ಟುತ್ತಿದ್ದರು. "ಸರಿ. ಸರಿ. ಹೂಂ, ಮುಂದೆ." ಒಂದು ಕಡೆ ಥಟ್ಟನೆ ಕೈ ನಿಂತಿತು. 

"ಏನಾಯ್ತು ಮಾವ?"

"ಎರಡೂ ಕಡೆ ಭಾಗಿಸಿಬಿಟ್ಟಳು. ಆ ವ್ಯತ್ಯಾಸ ಸೊನ್ನೆ ಆದ್ರೆ? ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. ಎಲ್ಲಾ ಬಿದ್ದುಹೋಗುತ್ತೆ."

ಮೂರು ವರ್ಷದ ಅಭ್ಯಾಸ ನನ್ನದು. ಕಿಟಕಿಗೆ ತಿರುಗಿ ಬಾಯಿ ತೆರೆದೇಬಿಟ್ಟೆ. ಮಾವ ನನ್ನ ಕೈ ಹಿಡಿದು ಎಳೆದು ಕೂರಿಸಿದರು.

"ಸುಮ್ನಿರು."

"ಒಂದು ಮಾತು ಮಾವ, ಬರೀ ಸೊನ್ನೆ ಅಂದ್ರೆ ಸಾಕು."

"ಸುಮ್ನಿರು ಅಂದೆ."  

ನಾನು ಮೆಲ್ಲಗೆ ಎದ್ದು ಮತ್ತೆ ಇಣುಕಿದೆ. ಒಳಗೆ ಪ್ರಸಾದ್ ಪೆನ್ನು ಕೆಳಗಿಟ್ಟಿದ್ದರು. ಅವರಿಗೆ ತಪ್ಪು ಕಂಡಿತ್ತು, ನನಗೆ ಗೊತ್ತಾಯಿತು, ಬೇಟೆ ಕಂಡ ಬೆಕ್ಕಿನ ಹಾಗೆ ಕೂತಿದ್ದರು. "ಮುಂದುವರಿಸು" ಎಂದರು. ವಾಸೆ ಮುಂದಿನ ಸಾಲು ಬರೆದಳು. ಇನ್ನೊಂದು ಬರೆದಳು. ಕೈ ನಿಂತಿತು. ಹಿಂದಕ್ಕೆ ಹೆಜ್ಜೆಯಿಟ್ಟು ಬೋರ್ಡನ್ನೇ ನೋಡಿದಳು. 

"ಹಿಂದೆ ಹೋಗು, ಹಿಂದೆ ಹೋಗು" ಎಂದು ಮಾವ ಉಸಿರಿನಲ್ಲೇ ಹೇಳಿಕೊಳ್ಳುತ್ತಿದ್ದರು.

"ಒಂದು ನಿಮಿಷ ಸರ್" ಎಂದು ವಾಸೆ ಕೂಗಿದಳು. "ಇಲ್ಲಿ ಭಾಗಿಸಿದ್ದು ತಪ್ಪು. ಇದು ಸೊನ್ನೆ ಆಗಬಹುದು. ಸೊನ್ನೆ ಆದಾಗ ಬೇರೆ, ಆಗದಿದ್ದಾಗ ಬೇರೆ. ಎರಡನ್ನೂ ಬೇರೆಬೇರೆಯಾಗಿ ತೋರಿಸ್ತೀನಿ."

ಮಾವ ಎದ್ದು ನಿಂತರು. ತುದಿಗಾಲಲ್ಲಿ ನಿಂತರು. "ಬಂತು, ಬಂತು" ಎಂದು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಜಗುಲಿಯುದ್ದಕ್ಕೂ ಓಡಿದರು. ತಮ್ಮದೇ ಪುಸ್ತಕದ ರಾಶಿ ಎಡವಿ ಬಿದ್ದರು. ಬಿದ್ದಲ್ಲೇ ಕೂತು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನೂ ಅತ್ತೆ, ನಕ್ಕೆ, ಯಾವುದು ಮೊದಲೋ ನೆನಪಿಲ್ಲ.

ವಾಸೆ ಹೊರಗೆ ಬಂದಾಗ ಅಂಗೈ ಪೂರ್ತಿ ಸೀಮೆಸುಣ್ಣ. ಬಂದವಳೇ ಗೋಡೆಯ ಕಡೆ ತಿರುಗಿ ನಿಂತಳು. ಮಾವ ಮಳೆಯ ಕಡೆ ತಿರುಗಿದರು.

"ಉರ್ಮಿ," ಎಂದಳು ವಾಸೆ, ಗಂಟಲು ಒಡೆದುಹೋಗಿತ್ತು, "ಅವರಿಗೆ ಕೇಳಿಸ್ತಾ, ಕೇಳು."

ನಾನು ಆ ಕಡೆ ತಿರುಗಿದೆ. ಕೇಳುವುದೇ ಬೇಕಾಗಲಿಲ್ಲ.

"ಕೇಳಿಸ್ತು ಅಂತ ಹೇಳು" ಎಂದರು ಮಾವ. "ಪ್ರತಿ ಸಾಲೂ ಕೇಳಿಸ್ತು ಅಂತ ಹೇಳು."

ನಾನು ಹೇಳಿದೆ. ವಾಸೆ ತಲೆಯಾಡಿಸಿ, ಮಳೆಯಲ್ಲೇ ಹಾಸ್ಟೆಲಿನ ಕಡೆ ನಡೆದಳು.

ಪ್ರಸಾದ್ ಬಾಗಿಲಿಗೆ ಬಂದು ಕನ್ನಡಕ ಒರೆಸಿದರು. "ಪಾಸು. ಇಷ್ಟು ವರ್ಷ ಪಾಠದಲ್ಲಿ ನಾನು ಕೇಳಿದ್ದರಲ್ಲೆಲ್ಲ ಒಳ್ಳೇ ಉತ್ತರ. ಸರಿ, ನಿನ್ನ ಕೆಲಸ ಆಯ್ತಲ್ಲ ಎರೋನಿ, ಈ ಕಾಗದ ಹರಿದು ಹಾಕಿಸ್ತೀನಿ. ನಾನೇ ಹೋಗಿ ಮಾತಾಡ್ತೀನಿ. ನಿನ್ನ ಕುರ್ಚಿ ನೀನು ತಗೋ, ನೀನು ಹೋಗ್ತಿರೋ ಆ ಸಣ್ಣ ಕೋಣೆ ಸೋರುತ್ತೆ."

ಮಾವ ಕೆಳಗೆ ಬಿದ್ದಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಒರೆಸಿ ಜೋಡಿಸುತ್ತಿದ್ದರು.

"ಬೇಡ ಪ್ರಸಾದ್, ನೀನೇ ಇಟ್ಕೋ. ಮುಂದಿನ ವರ್ಷ ಅವಳ ತಂಗಿ ಬರ್ತಾಳೆ."

"ಅವಳೂ ಗಣಿತಕ್ಕೇನಾ?"

"ಅಕ್ಕನಿಗಿಂತ ಚುರುಕಂತೆ. ಅವಳ ಹಿಂದೆ ದೊಡ್ಡಪ್ಪನ ಮನೆ ಹುಡುಗಿಯರಿದ್ದಾರೆ. ಇನ್ನು ಅಕ್ಕನೇ ಊರಲ್ಲಿ ಕಲಿಸೋಕೆ ನಿಂತ್ಮೇಲೆ ಕೇಳ್ಬೇಕಾ, ಎಷ್ಟು ಜನ ಇಳಿದು ಬರ್ತಾರೋ." ಮಾವ ಪುಸ್ತಕದ ಹೊರೆ ಎದೆಗೆ ಒತ್ತಿಕೊಂಡು ಎದ್ದರು. "ಬೆಟ್ಟದ ಮೇಲೆ ನನಗೆ ತಂಗಿಯರು ಬಹಳ ಕಣಯ್ಯಾ."

ಪ್ರಸಾದ್ ಕನ್ನಡಕ ಹಾಕಿಕೊಂಡರು. ಮೇಲಿನ ಅರ್ಧ ಹೊರೆ ತಾವೇ ಎತ್ತಿಕೊಂಡು, ಜಗುಲಿಯ ಕೊನೆಯಲ್ಲಿದ್ದ ಸಣ್ಣ ಕೋಣೆಯ ಕಡೆ ಮಾವನ ಹಿಂದೆ ನಡೆದರು.